ಮುರಕಲ್ಲಿನ ಮನೆ, ಮೂರು ಸಂಸಾರ, ಒಂದು ವೈಫೈ: ಪ್ಲಾನ್ ಏರಿಸಬೇಕಾ, ಮೆಶ್ ತರಬೇಕಾ?

ಕಿನ್ನಿಮುಲ್ಕಿ ಮನೆಯವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ. ಆದ್ರೆ ಮನೆಯ ಸ್ಥಿತಿ ಪೂರ್ತಿ ಹೇಳದೆ ಯಾರಿಗೂ ಸರಿಯಾದ ಉತ್ತರ ಕೊಡ್ಲಿಕ್ಕೆ ಆಗ್ಲಿಕ್ಕಿಲ್ಲ ಅಂತ ಎಲ್ಲ ಬರೀತಿದ್ದೇನೆ.

ನಮ್ಮದು ಉಡುಪಿ ಕಿನ್ನಿಮುಲ್ಕಿ ಹತ್ತಿರ ಹಳೆ ಮನೆ. ಎದುರಿನ ಭಾಗ ಮುರಕಲ್ಲಿಂದು, ಮಾಡಿಗೆ ಹೆಂಚು, ಒಳಗೆ ಹಲಸಿನ ಮರದ ಮುಚ್ಚಿಗೆ. ಗೋಡೆ ಎಷ್ಟು ದಪ್ಪ ಅಂದ್ರೆ ಕಿಟಕಿಯ ದಂಡೆ ಮೇಲೆ ಮಕ್ಕಳು ಕಾಲು ಮಡಚಿ ಕೂತು ಓದ್ತಾರೆ. ಹಿಂದಿನ ಭಾಗ ಮಾವ ಇದ್ದಾಗ ಸೇರಿಸಿದ್ದು, ಅದು ಆರ್‌ಸಿಸಿ, ಅದರ ಮೇಲೆ ಒಂದು ಉಪ್ಪರಿಗೆ. ಉಪ್ಪರಿಗೆಗೆ ಮಳೆ ನೀರು ಇಳೀತದೆ ಅಂತ ಮೇಲಿಂದ ತಗಡು ಶೀಟ್ ಹೊದಿಸಿದ್ದೇವೆ.

ಇರುವವರು ಹೀಗೆ: ಅತ್ತೆ, ನಾನು, ನನ್ನವರು, ಹತ್ತನೇ ಕ್ಲಾಸಿನ ಮಗಳು, ಮೈದುನ, ಓರಗಿತ್ತಿ, ಅವರ ಸಣ್ಣವ. ಉಪ್ಪರಿಗೆಯಲ್ಲಿ ಬಾಡಿಗೆಗೆ ಮಣಿಪಾಲದಲ್ಲಿ ಓದುವ ಇಬ್ಬರು ಹುಡುಗಿಯರು. ನೆಟ್ ಎಲ್ಲರಿಗೂ ಸೇರಿ ಒಂದೇ, 100 ಎಂಬಿಪಿಎಸ್ ಫೈಬರ್. ಬಿಲ್ಲು ಮೂರು ಪಾಲು. ಹುಡುಗಿಯರು ಅವರ ಪಾಲು ಒಂದು ತಿಂಗಳೂ ತಪ್ಪಿಸದೆ ಕೊಡ್ತಾರೆ.

ನಾನು ಮನೆಯಿಂದಲೇ ಹೊರದೇಶದ ಒಂದು ಕಂಪೆನಿಯ ಲೆಕ್ಕಪತ್ರದ ಕೆಲಸ ಮಾಡುವವಳು. ಸಂಜೆ ಏಳರಿಂದ ರಾತ್ರಿ ಹನ್ನೊಂದರವರೆಗೆ ವಿಡಿಯೋ ಕಾಲ್ ಇರ್ತದೆ. ಸರಿಯಾಗಿ ಅದೇ ಹೊತ್ತಿಗೆ ಅತ್ತೆ ಟಿವಿಯಲ್ಲಿ ಯಕ್ಷಗಾನ ಲೈವ್ ಹಾಕ್ತಾರೆ, ಮಗಳು ಪಾಠದ ವಿಡಿಯೋ ನೋಡ್ತಾಳೆ, ಮೇಲಿನವರು ಕಾಲೇಜಿಂದ ಬಂದಿರ್ತಾರೆ. ಎಂಟು ಗಂಟೆ ಆಯ್ತು ಅಂದ್ರೆ ನನ್ನ ಮುಖ ಆ ಕಡೆಯವರಿಗೆ ಅಲುಗಾಡದೆ ನಿಂತುಬಿಡ್ತದೆ, ಮಾತು ತುಂಡು ತುಂಡು. ಹೋದ ವಾರ ಮೀಟಿಂಗಿನ ಮಧ್ಯೆ ಜಗಲಿಗೆ ಎದ್ದು ಬಂದು, ಮಳೆಯ ಇರಚಲಿನಲ್ಲಿ ನಿಂತು ಮಾತು ಮುಗಿಸಬೇಕಾಯ್ತು.

ರೂಟರ್ ಚಾವಡಿಯಲ್ಲಿ, ಟಿವಿ ಪಕ್ಕ. ಅಲ್ಲೇ ನಿಂತು ಮೊಬೈಲಿನಲ್ಲಿ ನೋಡಿದ್ರೆ 90ರ ಮೇಲೆ ಬರ್ತದೆ. ನನ್ನ ಕೋಣೆ ಹಿಂದಿನ ಭಾಗದಲ್ಲಿ. ಅಲ್ಲಿ 7, 8. ಉಪ್ಪರಿಗೆಯಲ್ಲಿ 3 ಬಂದ್ರೆ ಹೆಚ್ಚು. ಮಳೆ ಹಿಡಿದ ದಿನ ಇನ್ನೂ ಕಡಿಮೆ ಅನ್ನಿಸ್ತದೆ, ಅದು ನಿಜವಾ ನನ್ನ ಭ್ರಮೆಯಾ ಗೊತ್ತಿಲ್ಲ. ಒಂದು ರಿಪೀಟರ್, ಅಂದ್ರೆ ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ಹರಡುವ ಪೆಟ್ಟಿಗೆ, ತಂದು ನನ್ನ ಕೋಣೆಯಲ್ಲಿ ಸಿಕ್ಕಿಸಿದೆ. ಫೋನಿನಲ್ಲಿ ಕಡ್ಡಿ ಎಲ್ಲ ತುಂಬಿದ್ದು ಕಾಣ್ತದೆ, ಸ್ಪೀಡ್ ಮಾತ್ರ ಇದ್ದಲ್ಲೇ.

ಕನೆಕ್ಷನ್ ಕೊಟ್ಟವರನ್ನು ಕೇಳಿದ್ರೆ 300ರ ಪ್ಲಾನಿಗೆ ಹೋಗಿ ಅಂತಾರೆ. ಮೈದುನ ಮೂರು ಪೆಟ್ಟಿಗೆಯ ಮೆಶ್ (ಮನೆಯಲ್ಲಿ ಅಲ್ಲಲ್ಲಿ ಇಟ್ಟು ಒಂದೇ ವೈಫೈ ಹರಡುವ ಪೆಟ್ಟಿಗೆಗಳು) ತರುವ ಅಂತಾನೆ. ಅತ್ತೆಗೆ ಮೇಲಿನ ಹುಡುಗಿಯರ ಮೇಲೆಯೇ ಅನುಮಾನ. ಪಾಸ್‌ವರ್ಡ್ ಬದಲಾಯಿಸು, ಅವರು ಬೇರೆ ನೆಟ್ ಹಾಕಿಸಿಕೊಳ್ಳಲಿ ಅಂತ ದಿನಾ ಒಂದು ಮಾತು. ನನಗೆ ಅದು ಖಂಡಿತ ಸರಿ ಕಾಣುದಿಲ್ಲ. ಹಣ ಕೊಟ್ಟವರು ಅವರು, ಅತಿ ಕಡಿಮೆ ಸಿಗುದೂ ಅವರಿಗೇ. ಒಬ್ಬಳಿಗೆ ಮುಂದಿನ ತಿಂಗಳು ಪರೀಕ್ಷೆ.

ಚಾವಡಿ ಗೋಡೆಗೆ ತೂತು ಹೊಡೀಲಿಕ್ಕೆ, ಮುಚ್ಚಿಗೆಗೆ ಮೊಳೆ ಹೊಡೀಲಿಕ್ಕೆ ಮನೆಯಲ್ಲಿ ಯಾರೂ ಒಪ್ಪುದಿಲ್ಲ, ನಾನೂ ಒಪ್ಪುದಿಲ್ಲ. ಹೀಗಿರುವಾಗ ಎಂತ ಮಾಡಬಹುದು, ಗೊತ್ತಿದ್ದವರು ದಯವಿಟ್ಟು ಹೇಳಿ.

ಬಿಜೈ ಫ್ಲ್ಯಾಟ್ ವಾಸಿ

ಅಕ್ಕ, ನಾವು ನಾಲ್ಕು ಜನ ಸ್ನೇಹಿತರು ಬಿಜೈಯಲ್ಲಿ ಒಂದು ಫ್ಲ್ಯಾಟ್ ಹಂಚಿಕೊಂಡವರು. ನಮಗೆ ತೊಂದರೆ ಇದ್ದದ್ದು ಅಕ್ಕಪಕ್ಕದ ಮನೆಯವರ ವೈಫೈಯಿಂದ. ಫೋನ್ ತೆಗೆದ್ರೆ ಇಡೀ ಬಿಲ್ಡಿಂಗಿನ ಹೆಸರೆಲ್ಲ ಸಾಲಾಗಿ ಬರ್ತಿತ್ತು, ಎಲ್ಲವೂ ಒಂದೇ ಬ್ಯಾಂಡಿನಲ್ಲಿ, ಅಂದ್ರೆ ಒಂದೇ ರೇಡಿಯೋ ಪಟ್ಟಿಯಲ್ಲಿ, 2.4 ಗಿಗಾಹರ್ಟ್ಜ್‌ನಲ್ಲಿ. ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್ (ಪಟ್ಟಿಯ ಒಳಗಿನ ದಾರಿ) 1, 6, 11 ಮೂರೇ. ನಾವು ಲ್ಯಾಪ್‌ಟಾಪ್, ಫೋನ್ ಎಲ್ಲ 5 ಗಿಗಾಹರ್ಟ್ಜ್‌ಗೆ ಹಾಕಿದ ಮೇಲೆ ತಕರಾರು ನಿಂತಿತು. ಮೈಕ್ರೋವೇವ್ ಓವನ್ ಕೂಡ 2.4ರ ಅದೇ ಜಾಗದಲ್ಲಿ ಕೆಲಸ ಮಾಡುದು, ಅಡುಗೆಕೋಣೆ ಪಕ್ಕ ರೂಟರ್ ಇದ್ರೆ ನೋಡಿ.

ನಿಮ್ಮಲ್ಲಿ ಸುತ್ತ ಹಿತ್ತಲು ಇರಬಹುದು, ಹಾಗಾಗಿ ಪಕ್ಕದ ಮನೆಯ ಕಾಟ ಇರ್ಲಿಕ್ಕಿಲ್ಲ. ನಿಮ್ಮ ಕೋಣೆಯಲ್ಲಿ 5 ಗಿಗಾಹರ್ಟ್ಜ್ ಹೆಸರು ಕಾಣ್ತದಾ ಒಮ್ಮೆ ನೋಡಿ ಹೇಳಿ.

ತೊಕ್ಕೊಟ್ಟು ಕೇಬಲಿಂಗ್

ಮೇಡಂ, ನನ್ನ ಹೊಟ್ಟೆಪಾಡೇ ಈ ಕೆಲಸ. ಮನೆ, ಆಫೀಸು, ಹೋಮ್‌ಸ್ಟೇಗಳಿಗೆ ನೆಟ್‌ವರ್ಕ್ ಮತ್ತು ಕ್ಯಾಮೆರಾ ಕೇಬಲ್ ಎಳೆಯುವವ ನಾನು. ನಿಮ್ಮ ಮನೆಯಂಥ ಮನೆ ನಮ್ಮ ಎರಡು ಜಿಲ್ಲೆಯಲ್ಲಿ ಊರು ತುಂಬ ಉಂಟು, ಹಾಗಾಗಿ ವಿವರವಾಗಿ ಬರೀತೇನೆ.

ಮೊದಲನೆಯ ಮಾತು, 300ರ ಪ್ಲಾನ್ ಈಗ ತೆಗೀಬೇಡಿ. ರೂಟರ್ ಎದುರು 90 ಬರ್ತಾ ಇದೆ ಅಂದ್ರೆ ಮನೆಯವರೆಗೆ ನೆಟ್ ಸರಿಯಾಗಿಯೇ ಬಂದಿದೆ. ತೊಂದರೆ ಇರುದು ಅಲ್ಲಿಂದ ಮುಂದೆ. ಬಾವಿ ತುಂಬ ನೀರಿದ್ರೂ ರಾಟೆ ಒಂದೇ ಇದ್ದರೆ ಒಬ್ಬರು ಸೇದಿದ ಮೇಲೆಯೇ ಇನ್ನೊಬ್ಬರು ಅಲ್ವಾ, ವೈಫೈಯೂ ಹಾಗೆ. ಒಂದು ಚಾನೆಲಿನಲ್ಲಿ ಒಂದು ಕ್ಷಣಕ್ಕೆ ಒಂದೇ ಸಾಧನ ಮಾತಾಡಬೇಕು, ಉಳಿದವು ಕಾಯಬೇಕು. ಹತ್ತಿರ ಇರುವ ಫೋನ್ ತನ್ನ ಮಾತು ಚಕ್ಕನೆ ಮುಗಿಸ್ತದೆ. ದೂರದಲ್ಲಿ, ಎರಡು ಗೋಡೆ ಆಚೆ ಇರುವುದಕ್ಕೆ ಸಿಗ್ನಲ್ ಸಾಲದೆ ಅದು ನಿಧಾನವಾಗಿ ಮಾತಾಡ್ತದೆ. 6 ಎಂಬಿಪಿಎಸ್ ವೇಗದಲ್ಲಿ ಮಾತಾಡುವ ಫೋನ್, ಅದೇ ಫೈಲಿಗೆ 60ರಲ್ಲಿ ಮಾತಾಡುವುದಕ್ಕಿಂತ ಹತ್ತು ಪಟ್ಟು ಹೊತ್ತು ಹಿಡೀತದೆ. ಆ ಹೊತ್ತಿನಲ್ಲಿ ರೂಟರ್ ಪಕ್ಕ ಕೂತವರೂ ಕಾಯ್ತಾರೆ. ಅಂದ್ರೆ ಉಪ್ಪರಿಗೆಯ ಹುಡುಗಿಯರಿಗೆ ಸಿಗ್ನಲ್ ಚೆನ್ನಾಗಿ ಮುಟ್ಟಿಸಿದ್ರೆ ಕೆಳಗಿನ ನಿಮಗೂ ನೆಟ್ ಹೆಚ್ಚು ಸಿಗ್ತದೆ. ಅವರನ್ನು ಹೊರಗೆ ಹಾಕುವ ಮಾತು ದಯವಿಟ್ಟು ಬೇಡ. ನಿಮ್ಮ ಅತ್ತೆಯವರಿಗೂ ಇದನ್ನೇ ತಿಳಿಸಿ ಹೇಳಿ.

ರಿಪೀಟರ್ ಯಾಕೆ ಕೆಲಸ ಮಾಡ್ಲಿಲ್ಲ ಅಂದ್ರೂ ಇದೇ ಕಾರಣ. ಅದು ರೂಟರ್ ಹೇಳಿದ್ದನ್ನು ಕೇಳಿ, ಅದೇ ಚಾನೆಲಿನಲ್ಲಿ ಮತ್ತೊಮ್ಮೆ ಹೇಳಬೇಕು. ಒಂದೇ ಬ್ಯಾಂಡಿನದ್ದಾದರೆ ಅಲ್ಲಿಗೇ ಅರ್ಧ ಹೋಯ್ತು. ಅದರ ಮೇಲೆ ನೀವು ಇಟ್ಟದ್ದು ಸಿಗ್ನಲ್ ಸತ್ತ ಜಾಗದಲ್ಲಿ. ಫೋನಿನ ಕಡ್ಡಿ ತೋರಿಸುದು ರಿಪೀಟರಿಗೂ ಫೋನಿಗೂ ನಡುವಿನ ಸಿಗ್ನಲ್. ರಿಪೀಟರಿಗೂ ರೂಟರಿಗೂ ನಡುವೆ ಎಷ್ಟಿದೆ ಅಂತ ಅದು ಹೇಳುದಿಲ್ಲ. ಮೆಶ್ ಪೆಟ್ಟಿಗೆಯೂ ಕೇಬಲ್ ಇಲ್ಲದೆ ಇಟ್ಟರೆ ಇದೇ ಗೋಡೆಯನ್ನೇ ದಾಟಬೇಕು. ಹತ್ತು ಸಾವಿರ ಕೊಟ್ಟು ತಂದು, ಮತ್ತೆ ನನ್ನನ್ನು ಕರೆದು ಕೇಬಲ್ ಎಳೆಸಿದ ಮನೆಗಳನ್ನು ನಾನು ಕಂಡಿದ್ದೇನೆ.

ಮಳೆಯ ವಿಷಯ ನಿಮ್ಮ ಭ್ರಮೆ ಅಲ್ಲ. ಮುರಕಲ್ಲು ತೂತು ತೂತಿನ ಕಲ್ಲು, ನೀರು ಕುಡೀತದೆ. ರೇಡಿಯೋ ತರಂಗಕ್ಕೆ ಒಣಗೋಡೆಗಿಂತ ಒದ್ದೆ ಗೋಡೆ ದಾಟುದು ಕಷ್ಟ. ಗಾರೆ ಮಾಡದ ಗೋಡೆಗೆ ಮಳೆ ನೇರ ಹೊಡೀತಿದ್ರೆ ಜುಲೈಯಲ್ಲಿ ವ್ಯತ್ಯಾಸ ತಿಳಿದೇ ತಿಳೀತದೆ. ಹೆಂಚು, ಮುಚ್ಚಿಗೆ ಅಷ್ಟು ತಡೆಯುದಿಲ್ಲ. ಆದ್ರೆ ತಗಡು ಶೀಟು, ಆರ್‌ಸಿಸಿ ಸ್ಲ್ಯಾಬಿನ ಒಳಗಿನ ಕಬ್ಬಿಣ, ಸ್ಟೀಲ್ ಕಪಾಟು ಇವೆಲ್ಲ ದೊಡ್ಡ ಅಡ್ಡಿ. ಲೆಕ್ಕ ಹೇಳಬೇಕೆಂದರೆ, ಸಿಗ್ನಲ್ ಅಳೆಯುದು ಡಿಬಿಯಲ್ಲಿ (ಡೆಸಿಬೆಲ್). 3 ಡಿಬಿ ಕಡಿಮೆ ಆದ್ರೆ ಸಿಗ್ನಲಿನ ಶಕ್ತಿ ಅರ್ಧ ಆಯ್ತು, 10 ಡಿಬಿ ಕಡಿಮೆ ಆದ್ರೆ ಹತ್ತರಲ್ಲಿ ಒಂದು ಪಾಲು ಮಾತ್ರ ಉಳೀತು.

ಆರು ಕೊಂಬಿನ ದೊಡ್ಡ ರೂಟರ್ ತರುವ ಆಲೋಚನೆ ಯಾರಾದರೂ ಕೊಟ್ಟರೆ ಅದನ್ನೂ ಬಿಡಿ. ರೂಟರ್ ಜೋರಾಗಿ ಕೂಗಿದ್ರೂ ಫೋನಿನ ದನಿ ಸಣ್ಣದೇ. ಫೋನ್ ಹೇಳಿದ್ದು ರೂಟರಿಗೆ ವಾಪಸ್ ಕೇಳದಿದ್ದರೆ ಏನೂ ಪ್ರಯೋಜನ ಇಲ್ಲ.

ಈಗ ಖರ್ಚು ಮಾಡುವ ಮೊದಲು ಅಳತೆ ತೆಗೀರಿ. ರಾತ್ರಿ ಎಂಟೂವರೆಗೆ, ಎಲ್ಲರೂ ನೆಟ್ಟಿನಲ್ಲಿ ಇರುವಾಗ, ನಿಮ್ಮ ಲ್ಯಾಪ್‌ಟಾಪನ್ನು ರೂಟರಿಗೆ ಕೇಬಲಿನಲ್ಲಿ ಸಿಕ್ಕಿಸಿ ಸ್ಪೀಡ್ ಟೆಸ್ಟ್ ಮಾಡಿ. ಡೌನ್‌ಲೋಡ್, ಅಪ್‌ಲೋಡ್, ಪಿಂಗ್ (ಕಳಿಸಿದ್ದಕ್ಕೆ ಉತ್ತರ ಬರ್ಲಿಕ್ಕೆ ಹಿಡಿಯುವ ಹೊತ್ತು, ಮಿಲಿಸೆಕೆಂಡಿನಲ್ಲಿ) ಮೂರನ್ನೂ ಬರೆದಿಟ್ಟುಕೊಳ್ಳಿ. ಹಾಗೆಯೇ ಒಂದು ಆಂಡ್ರಾಯ್ಡ್ ಫೋನಿಗೆ ವೈಫೈ ಅನಲೈಸರ್ ಆ್ಯಪ್ ಹಾಕಿ ಚಾವಡಿ, ನಡುಕೋಣೆ, ನಿಮ್ಮ ಕೋಣೆ, ಉಪ್ಪರಿಗೆ ನಾಲ್ಕೂ ಕಡೆ ಡಿಬಿಎಂ (ಸಿಗ್ನಲಿನ ಬಲ, ಸೊನ್ನೆಗೆ ಹತ್ತಿರ ಇದ್ದಷ್ಟು ಒಳ್ಳೇದು) ಎಷ್ಟು ನೋಡಿ. ಮೈನಸ್ 50 ಅಂದ್ರೆ ಬಹಳ ಒಳ್ಳೇದು. ವಿಡಿಯೋ ಕಾಲಿಗೆ ಮೈನಸ್ 67ರ ಒಳಗೆ ಬೇಕು. ಮೈನಸ್ 75 ದಾಟಿದ್ರೆ ಜಗಲಿಗೆ ಓಡುವ ಪರಿಸ್ಥಿತಿ ಬರ್ತದೆ. ರೂಟರಿನ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್ (ಫೈಬರಿನಲ್ಲಿ ಬರುವ ಬೆಳಕಿನ ಬಲ) ಅಂತ ಒಂದು ಅಂಕೆ ಇರ್ತದೆ, ಅದನ್ನೂ ನೋಡಿ. ಮೈನಸ್ 27ಕ್ಕಿಂತ ಕೆಳಗೆ ಹೋದ್ರೆ ಫೈಬರಿನ ಜೋಡಣೆಯಲ್ಲೋ ಬಾಗಿದ ಕಡೆಯೋ ದೋಷ ಅಂತ ಲೆಕ್ಕ, ಅದನ್ನು ಸರಿ ಮಾಡುದು ಕನೆಕ್ಷನ್ ಕೊಟ್ಟವರ ಕೆಲಸ.

ಕಿನ್ನಿಮುಲ್ಕಿ ಮನೆಯವಳು

ಇಷ್ಟು ಬಿಡಿಸಿ ಬರೆದದ್ದಕ್ಕೆ ತುಂಬ ಉಪಕಾರ ಆಯ್ತು. ಮಗಳನ್ನು ಜೊತೆಗೆ ಕರ್ಕೊಂಡು ಕೋಣೆ ಕೋಣೆ ಸುತ್ತಿ ಅಳತೆ ತೆಗೆದೆ. ಅವಳೇ ನೋಟ್‌ಬುಕ್ಕಿನಲ್ಲಿ ಬರ್ಕೊಂಡಳು.

ಚಾವಡಿ ಮೈನಸ್ 38, ನಡುಕೋಣೆ ಮೈನಸ್ 61, ನನ್ನ ಕೋಣೆ ಮೈನಸ್ 78, ಉಪ್ಪರಿಗೆ ಮೈನಸ್ 84. ಇದೆಲ್ಲ 2.4ರದ್ದು. 5 ಗಿಗಾಹರ್ಟ್ಜ್ ನಡುಕೋಣೆಯ ಬಾಗಿಲಲ್ಲಿ ಕಾಣ್ತದೆ, ನನ್ನ ಕೋಣೆಗೆ ಬರುವಷ್ಟರಲ್ಲಿ ಹೆಸರೇ ಇಲ್ಲ. ಆಪ್ಟಿಕಲ್ ಪವರ್ ಮೈನಸ್ 19.

ಈಗ ಗಮನಿಸಿದ್ದು, ರೂಟರ್ ಇರುದು ಶೋಕೇಸಿನ ಕೆಳಗಿನ ಅರೆಯಲ್ಲಿ. ಟಿವಿಯ ಬೆನ್ನ ಹಿಂದೆ, ಪಕ್ಕದಲ್ಲಿ ಕಬ್ಬಿಣದ ಕಪಾಟು. ಫೈಬರ್ ಎಳೆದವರು ಅಲ್ಲಿ ಪ್ಲಗ್ ಇದೆ ಅಂತ ಅಲ್ಲೇ ಇಟ್ಟು ಹೋದದ್ದು.

ಕೇಬಲಿನಲ್ಲಿ ಹಾಕಿ ನೋಡಿದಾಗ ಮಾತ್ರ ಒಂದು ವಿಷಯ ನನಗೆ ಅರ್ಥ ಆಗ್ಲಿಲ್ಲ. ಏಳೂವರೆಗೆ ಡೌನ್‌ಲೋಡ್ 94, ಅಪ್‌ಲೋಡ್ 20, ಪಿಂಗ್ 14. ಎಂಟೂವರೆಗೆ ನೋಡಿದ್ರೆ ಡೌನ್‌ಲೋಡ್ 40, ಅಪ್‌ಲೋಡ್ 2, ಪಿಂಗ್ 380! ಕೇಬಲಿನಲ್ಲಿಯೇ ಹೀಗೆ ಅಂದ್ರೆ ಗೋಡೆಯದ್ದು ಮಾತ್ರ ತೊಂದರೆ ಅಲ್ಲ ಅಲ್ವಾ? ಆ ಹೊತ್ತಿಗೆ ಮೇಲಿನ ಹುಡುಗಿಯರು ಊಟಕ್ಕೆ ಹೊರಗೆ ಹೋಗಿದ್ರು, ಹಾಗಾಗಿ ಅವರಂತೂ ಕಾರಣ ಅಲ್ಲ.

ಸುರತ್ಕಲ್ ವಿದ್ಯಾರ್ಥಿ

ಅಕ್ಕ, ಈ ಪಿಂಗಿನ ವಿಷಯ ನಾನು ಹೇಳ್ತೇನೆ. ನನಗೆ ಬಹಳ ಇಷ್ಟದ ವಿಷಯ ಇದು.

ನಿಮ್ಮ ಅಪ್‌ಲೋಡ್ ಒಟ್ಟು 20. ಮನೆಯಲ್ಲಿ ಯಾರೋ ಒಬ್ಬರು ಆ ಹೊತ್ತಿಗೆ ಅಷ್ಟನ್ನೂ ತುಂಬಿಸ್ತಾ ಇದ್ದಾರೆ. ಹಾಗೆ ತುಂಬಿದಾಗ ಹೆಚ್ಚಿನ ರೂಟರುಗಳು ಉಳಿದ ಪ್ಯಾಕೆಟುಗಳನ್ನು (ಮಾಹಿತಿಯ ಸಣ್ಣ ತುಂಡುಗಳನ್ನು) ಬಿಸಾಡುದಿಲ್ಲ, ಒಳಗೆ ಉದ್ದ ಸಾಲಿನಲ್ಲಿ ನಿಲ್ಲಿಸ್ತವೆ. ನಿಮ್ಮ ವಿಡಿಯೋ ಕಾಲಿನ ದನಿಯ ಪುಟ್ಟ ಪ್ಯಾಕೆಟ್ ಕೂಡ ಅದೇ ಸಾಲಿನ ಕೊನೆಗೆ ನಿಲ್ಲಬೇಕು. ಆ ಕಾಯುವ ಹೊತ್ತೇ ನೀವು ನೋಡಿದ 380 ಮಿಲಿಸೆಕೆಂಡು. ಡೌನ್‌ಲೋಡ್ ಯಾಕೆ ಇಳೀತು ಅಂದ್ರೆ, ಏನನ್ನಾದರೂ ಇಳಿಸಿಕೊಳ್ಳುವಾಗ 'ಇಷ್ಟು ಬಂತು, ಮುಂದಿನದ್ದು ಕಳಿಸು' ಅಂತ ನಿಮ್ಮ ಕಡೆಯಿಂದ ಉತ್ತರ ಹೋಗ್ತಾ ಇರಬೇಕು. ಆ ಉತ್ತರವೂ ಅಪ್‌ಲೋಡ್ ಸಾಲಿನಲ್ಲಿ ಸಿಕ್ಕಿಕೊಂಡಿದೆ. ಇದಕ್ಕೆ ಬಫರ್‌ಬ್ಲೋಟ್ ಅಂತಾರೆ.

ಯಾರು ಅಂತ ಹುಡುಕುದು ಸುಲಭ. ರೂಟರಿನ ಪುಟದಲ್ಲಿ ಸಾಧನಗಳ ಪಟ್ಟಿ ಇರ್ತದೆ, ಕೆಲವದರಲ್ಲಿ ಯಾವುದು ಎಷ್ಟು ಕಳಿಸ್ತಾ ಇದೆ ಅಂತಲೂ ಕಾಣ್ತದೆ. ಇಲ್ಲದಿದ್ದರೆ ಎಂಟೂವರೆಗೆ ಒಂದೊಂದೇ ಸಾಧನದ ವೈಫೈ ಆಫ್ ಮಾಡಿ ಪಿಂಗ್ ನೋಡ್ತಾ ಹೋಗಿ. ಸಾಮಾನ್ಯವಾಗಿ ಫೋನಿನ ಫೋಟೋ ಬ್ಯಾಕಪ್, ಕ್ಲೌಡಿಗೆ ಹೋಗುವ ಸಿಸಿ ಕ್ಯಾಮೆರಾ, ಅಥವಾ ಯಾರಾದರೂ ದೊಡ್ಡ ಫೈಲ್ ಕಳಿಸುವವರು ಇರ್ತಾರೆ.

ಪರಿಹಾರ ಎರಡು ರೀತಿ. ಸುಲಭದ್ದು, ಕಳಿಸುವ ಸಾಫ್ಟ್‌ವೇರಿನಲ್ಲೇ ಅಪ್‌ಲೋಡ್ ಮಿತಿ ಹಾಕುದು. 20ರಲ್ಲಿ 10ಕ್ಕೆ ನಿಲ್ಲಿಸಿದ್ರೂ ನಿಮ್ಮ ವಿಡಿಯೋ ಕಾಲಿಗೆ ಬೇಕಾದ ಮೂರು ನಾಲ್ಕು ಎಂಬಿಪಿಎಸ್ ಆರಾಮದಲ್ಲಿ ಸಿಗ್ತದೆ. ಇಲ್ಲವೇ ದೊಡ್ಡ ಅಪ್‌ಲೋಡ್‌ಗಳನ್ನು ನಡುರಾತ್ರಿಗೆ ಹಾಕಬಹುದು. ಶಾಶ್ವತದ್ದು ಬೇಕಂದ್ರೆ ಎಸ್‌ಕ್ಯೂಎಂ ಅಂತ ಸಾಲು ನಿಭಾಯಿಸುವ ವ್ಯವಸ್ಥೆ ಇರುವ ರೂಟರ್. ಓಪನ್‌ಡಬ್ಲ್ಯೂಆರ್‌ಟಿ ಅನ್ನುವ ಸಾಫ್ಟ್‌ವೇರ್ ಹಾಕಿದ ರೂಟರುಗಳಲ್ಲಿ ಸಿಗ್ತದೆ. ಅದರಲ್ಲಿ ಲೈನಿನ ನಿಜವಾದ ವೇಗದ 85ರಿಂದ 90 ಶೇಕಡಾ ಹಾಕಿಟ್ಟರೆ ಸಾಲು ಉದ್ದ ಆಗದ ಹಾಗೆ ಅದೇ ನೋಡಿಕೊಳ್ತದೆ. ಒಬ್ಬರ ದೊಡ್ಡ ಫೈಲಿನ ಹಿಂದೆ ಇನ್ನೊಬ್ಬರ ಸಣ್ಣ ಪ್ಯಾಕೆಟ್ ಸಿಕ್ಕಿಬೀಳುದಿಲ್ಲ. ಹೇಳ್ಲಿಕ್ಕೆ ಹೆಮ್ಮೆ ಆಗ್ತದೆ, ಈ ಸಾಲು ನಿಭಾಯಿಸುವ ಕೋಡುಗಳಲ್ಲಿ ಒಂದಾದ ಎಫ್‌ಕ್ಯೂ-ಪೈಯನ್ನು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿಗೆ ಬರೆದು ಕೊಟ್ಟದ್ದು ನಮ್ಮ ಸುರತ್ಕಲಿನ ಎನ್‌ಐಟಿಕೆ ಇಂಜಿನಿಯರಿಂಗ್ ಸಂಸ್ಥೆಯ ತಂಡ. 2020ರಲ್ಲಿ ಬಂದ ಲಿನಕ್ಸ್ ಕರ್ನಲ್ 5.6ರಲ್ಲಿ ಅದು ಸೇರಿದೆ.

ಕಿನ್ನಿಮುಲ್ಕಿ ಮನೆಯವಳು

ಸಿಕ್ಕಿತು ತಮ್ಮಾ. ಮೈದುನ ಮದುವೆ, ಮುಂಜಿಗಳ ಫೋಟೋ ವಿಡಿಯೋ ತೆಗೆಯುವವ. ಸೀಸನಿನಲ್ಲಿ ಸಂಜೆ ಮನೆಗೆ ಬಂದು, ಮಿಂದು, ಎಡಿಟಿಂಗಿನವರಿಗೆ ಅಂತ ಕಾರ್ಡಿನಲ್ಲಿ ಇದ್ದದ್ದೆಲ್ಲ ಕ್ಲೌಡಿಗೆ ಏರಿಸ್ತಾನೆ. ಒಂದು ಮದುವೆ ಅಂದ್ರೆ ನೂರಾರು ಜಿಬಿ. ಅವನ ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿದ ತಕ್ಷಣ ಪಿಂಗ್ 15ಕ್ಕೆ ಇಳೀತು. ಅವನೇ ಪಕ್ಕದಲ್ಲಿ ನಿಂತು ನೋಡಿದ. ಅತ್ತಿಗೆ, ಹೀಗೆ ಆಗ್ತದೆ ಅಂತ ಗೊತ್ತಿದ್ದಿದ್ರೆ ಮೊದಲೇ ರಾತ್ರಿಗೆ ಹಾಕ್ತಿದ್ದೆ ಅಂದ. ಈಗ ಹನ್ನೆರಡು ಗಂಟೆಗೆ ಶುರು ಆಗುವ ಹಾಗೆ ಸೆಟ್ ಮಾಡಿದ್ದಾನೆ, ಹಗಲು ತುರ್ತು ಇದ್ರೆ 8ರ ಮಿತಿ.

ಅತ್ತೆಯೂ ಅಲ್ಲೇ ಕೂತು ಎಲ್ಲ ಕೇಳಿಸಿಕೊಂಡ್ರು. ಮೇಲಿನ ಮಕ್ಕಳ ಸುದ್ದಿ ಆ ಮೇಲೆ ತೆಗೀಲಿಲ್ಲ.

ಇನ್ನು ಗೋಡೆಯ ವಿಷಯ. ತೊಕ್ಕೊಟ್ಟಿನವರೇ, ಗೋಡೆ ಮುಟ್ಟದೆ ಕೇಬಲ್ ಹೇಗೆ ತರುದು?

ತೊಕ್ಕೊಟ್ಟು ಕೇಬಲಿಂಗ್

ಮೇಡಂ, ಹಂಚಿನ ಮನೆಗೆ ಒಂದು ದೊಡ್ಡ ಅನುಕೂಲ ಉಂಟು. ಗೋಡೆಯ ತಲೆಗೂ ಮಾಡಿಗೂ ನಡುವೆ, ಪಕ್ಕಾಸು (ಮಾಡನ್ನು ಹೊರುವ ಮರ) ಕೂತ ಜಾಗದಲ್ಲಿ, ಸಂದು ಇದ್ದೇ ಇರ್ತದೆ. ಅಲ್ಲಿಂದ ಒಂದು ಕೇಬಲ್ ಹೊರಗೆ ತೆಗೆದ್ರೆ ಕಲ್ಲಿಗೂ ಮರಕ್ಕೂ ಒಂದು ಗೀರು ಬೀಳುದಿಲ್ಲ. ಹೊರಗೆ ಮಾಡಿನ ಅಂಚಿನ ಕೆಳಗೇ ಸಣ್ಣ ಪಿವಿಸಿ ಪೈಪಿನಲ್ಲಿ ಹಿಂದಿನ ಆರ್‌ಸಿಸಿ ಭಾಗದವರೆಗೆ ತನ್ನಿ. ಪೈಪ್ ಬೇಕೇ ಬೇಕು, ಯಾಕಂದ್ರೆ ಅಟ್ಟದಲ್ಲಿ ಇಲಿ ಇಲ್ಲದ ಹಳೆ ಮನೆ ನಾನು ಕಂಡಿಲ್ಲ; ಕೇಬಲಿನ ಸಿಪ್ಪೆ ಅವಕ್ಕೆ ಬಹಳ ಇಷ್ಟ. ಹಿಂದಿನ ಭಾಗದಲ್ಲಿ ಹಳೆ ಡಿಶ್ ಟಿವಿಯದ್ದೋ ಎಸಿಯದ್ದೋ ತೂತು ಇರ್ತದೆ, ಅದರಲ್ಲೇ ಒಳಗೆ ಹಾಕಬಹುದು.

ಎರಡು ಕೇಬಲ್ ಎಳೀರಿ, ಒಂದು ನಿಮ್ಮ ಕೋಣೆಗೆ, ಒಂದು ಉಪ್ಪರಿಗೆಗೆ. ಕೂಲಿ ಹೇಗೂ ಒಂದೇ ದಿನದ್ದು. ಕ್ಯಾಟ್ 6 ಅನ್ನುವ ನೆಟ್‌ವರ್ಕ್ ಕೇಬಲ್, ಹೊರಗೆ ಹಾಕುವ ಕಪ್ಪು ಸಿಪ್ಪೆಯದ್ದು, ಒಳಗೆ ಶುದ್ಧ ತಾಮ್ರ. ತಾಮ್ರ ಬಳಿದ ಅಲ್ಯುಮಿನಿಯಂ ಕಡಿಮೆಗೆ ಸಿಗ್ತದೆ, ತರಬೇಡಿ. ನಮ್ಮ ಉಪ್ಪುಗಾಳಿಗೆ ಕನೆಕ್ಟರಿನ ಹತ್ತಿರ ಬೇಗ ಹಾಳಾಗ್ತದೆ. ಒಂದೇ ಎಳೆಯಲ್ಲಿ 100 ಮೀಟರ್ ದಾಟದಿದ್ದರೆ ಸಾಕು, ನಿಮ್ಮ ಮನೆಗೆ ಅದರ ಅರ್ಧವೂ ಬೇಡ. ಕರೆಂಟಿನ ವಯರಿನ ಪೈಪಿನಲ್ಲೇ ಇದನ್ನೂ ತೂರಿಸ್ಲಿಕ್ಕೆ ಬಿಡಬೇಡಿ. ಇನ್ನೊಂದು, ಕ್ರಿಂಪ್ ಮಾಡುವಾಗ (ತುದಿಗೆ ಕನೆಕ್ಟರ್ ಕೂರಿಸುವಾಗ) ಎಂಟೂ ಎಳೆ ಹಾಕಿಸಿ. ನಾಲ್ಕೇ ಎಳೆ ಹಾಕಿ ಕೊಡುವವರು ಇದ್ದಾರೆ. ಈಗ ನಡೀತದೆ, ಆದ್ರೆ ಅಂಥ ಕೇಬಲಿನಲ್ಲಿ 100ರ ಮೇಲೆ ಹೋಗುದೇ ಇಲ್ಲ. ನಾಳೆ ನೀವು ದೊಡ್ಡ ಪ್ಲಾನ್ ತೆಗೆದ್ರೂ ಟೆಸ್ಟಿನಲ್ಲಿ 94ರ ಹತ್ತಿರವೇ ನಿಲ್ತದೆ.

ಆ ತುದಿಗೆ ಏನು ಅಂದ್ರೆ, ನೀವು ತಂದ ರಿಪೀಟರನ್ನು ಒಮ್ಮೆ ತಿರುಗಿಸಿ ನೋಡಿ. ಹೆಚ್ಚಿನದ್ದಕ್ಕೆ ಒಂದು ಲ್ಯಾನ್ ಪೋರ್ಟ್ (ನೆಟ್ ಕೇಬಲ್ ಸಿಕ್ಕಿಸುವ ಕಿಂಡಿ) ಇರ್ತದೆ, ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ ಅಂತ ಮೋಡ್ ಇರ್ತದೆ. ಕೇಬಲ್ ಸಿಕ್ಕಿಸಿ ಆ ಮೋಡಿಗೆ ಹಾಕಿದ್ರೆ ಅದೇ ಪೆಟ್ಟಿಗೆ ಉಪ್ಪರಿಗೆಗೆ ಸಾಕು. ಈಗ ಅದು ಗಾಳಿಯಲ್ಲಿ ಕೇಳಿ ಹೇಳುವ ಕೆಲಸ ಮಾಡ್ಬೇಕಾಗಿಲ್ಲ, ನೇರ ಕೇಬಲಿನಿಂದ ತೆಗೆದು ಕೊಡ್ತದೆ. ನಿಮ್ಮ ಕೋಣೆಗೆ ಎರಡೂ ಬ್ಯಾಂಡಿನ ಒಂದು ಸಾಧಾರಣ ರೂಟರ್ ತಂದು ಅದನ್ನೂ ಆಕ್ಸೆಸ್ ಪಾಯಿಂಟ್ ಮಾಡಿ. ಮೋಡ್ ಇಲ್ಲದ ಹಳೆ ರೂಟರ್ ಆದ್ರೆ ಡಿಎಚ್‌ಸಿಪಿ (ಸಾಧನಗಳಿಗೆ ಐಪಿ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಐಪಿ ವಿಳಾಸ ದೊಡ್ಡ ರೂಟರಿನದ್ದಕ್ಕಿಂತ ಬೇರೆ ಕೊಟ್ಟು, ಕೇಬಲನ್ನು ವ್ಯಾನ್ ಪೋರ್ಟ್ (ಹೊರಗಿನ ನೆಟ್ ಬರುವ ಕಿಂಡಿ) ಬಿಟ್ಟು ಲ್ಯಾನ್ ಪೋರ್ಟಿಗೆ ಹಾಕಬೇಕು. ಮೂರಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. 2.4ರ ಚಾನೆಲ್ ಚಾವಡಿಗೆ 1, ನಿಮಗೆ 6, ಮೇಲೆ 11. ಚಾನೆಲಿನ ಅಗಲ 20 ಮೆಗಾಹರ್ಟ್ಜ್ ಮಾತ್ರ. ಹೀಗೆ ಮಾಡಿದ ಮೇಲೆ ಮೂರೂ ಕಡೆಯವರು ಒಬ್ಬರಿಗೊಬ್ಬರು ಕಾಯಬೇಕಾಗಿಲ್ಲ.

ನಿಮ್ಮ ಲ್ಯಾಪ್‌ಟಾಪಿಗಂತೂ ವೈಫೈ ಬೇಡವೇ ಬೇಡ. ಕೂತಲ್ಲೇ ಕೂತು ಕೆಲಸ ಮಾಡುದಾದರೆ ಆ ರೂಟರಿನಿಂದ ಒಂದು ಮೀಟರ್ ಕೇಬಲ್ ಸಿಕ್ಕಿಸಿ. ಟಿವಿಗೂ ಹಾಗೆ. ಜಾಗ ಬಿಟ್ಟು ಏಳದ ವಸ್ತುವಿಗೆಲ್ಲ ಕೇಬಲ್ ಕೊಟ್ಟರೆ ಗಾಳಿ ಉಳಿದವರಿಗೆ ಖಾಲಿ ಸಿಗ್ತದೆ. ಕೆಲಸದಲ್ಲಿ ನಾನು ಮೊದಲು ಹೇಳುದೇ ಇದು, ಗಿರಾಕಿಗಳು ಕೊನೆಗೆ ಕೇಳುದೂ ಇದೇ.

ಮತ್ತೆ ರೂಟರನ್ನು ಇವತ್ತೇ ಶೋಕೇಸಿನಿಂದ ಹೊರಗೆ ತೆಗೆದು ಕಪಾಟಿನಿಂದ ದೂರ, ಎದೆಮಟ್ಟದಲ್ಲಿ ಇಡಿ. ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಬ್ರಹ್ಮಾವರದ ನಿವೃತ್ತ ಮೇಷ್ಟ್ರು

ಕೇಬಲಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಕಡೆ ಏಪ್ರಿಲ್, ಮೇಯಲ್ಲಿ ಮಳೆಗೆ ಮೊದಲು, ಮತ್ತೆ ಅಕ್ಟೋಬರ್, ನವೆಂಬರಿನಲ್ಲಿ ಸಂಜೆ ಸಂಜೆ ಸಿಡಿಲು. ಪಕ್ಕದ ತೆಂಗಿನ ಮರಕ್ಕೆ ಬಡಿದ ಸಿಡಿಲಿಗೆ ನಮ್ಮ ಮನೆಯ ರೂಟರ್, ಟಿವಿ, ಕ್ಯಾಮೆರಾ ಪೆಟ್ಟಿಗೆ ಮೂರೂ ಒಟ್ಟಿಗೆ ಹೋದವು. ಪ್ಲಗ್ ತೆಗೆದಿಟ್ಟಿದ್ದೆವು. ಆದರೂ ಹೊರಗಿನ ಕ್ಯಾಮೆರಾದಿಂದ ಬಂದ ತಾಮ್ರದ ಕೇಬಲ್ ಸಿಕ್ಕಿಸಿಯೇ ಇತ್ತು, ಅದರಲ್ಲೇ ಬಂತು.

ಆದ್ದರಿಂದ ಗುಡುಗು ಕೇಳಿದ ಕೂಡಲೇ ಕರೆಂಟಿನ ಪ್ಲಗ್ ಮಾತ್ರ ಅಲ್ಲ, ಹೊರಗಿನಿಂದ ಬರುವ ಲ್ಯಾನ್ ಕೇಬಲನ್ನೂ ಎರಡೂ ತುದಿಯಲ್ಲಿ ಕಳಚಿಡಿ. ಸಿಡಿಲು ತೀರ ಹತ್ತಿರ ಬಂದ ಮೇಲೆ ಮುಟ್ಟಲು ಹೋಗಬೇಡಿ, ಮೊದಲೇ ತೆಗೆಯಬೇಕು. ಫೈಬರಿನ ಒಳಗಿರುವುದು ಗಾಜು, ಅದರಲ್ಲಿ ಕರೆಂಟ್ ಬರುವುದಿಲ್ಲ. ಆದರೆ ಕಂಬದಿಂದ ಮನೆಗೆ ಎಳೆಯುವ ಫೈಬರಿಗೆ ಅನೇಕ ಕಡೆ ಜೊತೆಗೆ ಒಂದು ಉಕ್ಕಿನ ತಂತಿ ಇರುತ್ತದೆ. ಆ ತಂತಿಯನ್ನು ಹೊರಗೋಡೆಯ ಕೊಕ್ಕೆಯಲ್ಲೇ ನಿಲ್ಲಿಸಿ ಕತ್ತರಿಸಿದ್ದಾರೋ, ರೂಟರಿನವರೆಗೆ ತಂದಿದ್ದಾರೋ ನೋಡಿಕೊಳ್ಳಿ. ಒಳಗೆ ತಂದಿದ್ದರೆ ಹೇಳಿ ಸರಿ ಮಾಡಿಸಿ, ತಂಗಿ.

ಕರೆಂಟು ಹೋಗಿ ಬಂದಾಗ ಇನ್ವರ್ಟರ್ ಇದ್ದರೂ ಕೆಲವು ರೂಟರ್ ಒಮ್ಮೆ ಆಫ್ ಆಗಿ ಏಳುತ್ತದೆ, ನಿಮ್ಮ ಮೀಟಿಂಗ್ ಹೋಯಿತು. ಅದಕ್ಕೆ 12 ವೋಲ್ಟಿನ ಚಿಕ್ಕ ಡಿಸಿ ಯುಪಿಎಸ್ ಸಿಗುತ್ತದೆ. ರೂಟರಿನ ಅಡಾಪ್ಟರಿನ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿ ಹೊಂದುವುದನ್ನೇ ತನ್ನಿ.

ತೊಕ್ಕೊಟ್ಟು ಕೇಬಲಿಂಗ್

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ತುದಿಗಳಲ್ಲಿ ಗೋಡೆಯ ಪೆಟ್ಟಿಗೆ ಕೂರಿಸಿ ಅಲ್ಲಿಂದ ಸಣ್ಣ ಕೇಬಲ್ ಕೊಟ್ಟರೆ ಕಳಚುದು ಅತ್ತೆಯವರಿಗೂ ಸುಲಭ.

ಕಿನ್ನಿಮುಲ್ಕಿ ಮನೆಯವಳು

ಕೆಲಸ ಆಯ್ತು ಅಂತ ತಿಳಿಸ್ಲಿಕ್ಕೆ ಬಂದೆ. ನಮ್ಮೂರಿನ ಒಬ್ಬ ಹುಡುಗನೇ ಎಳೆದುಕೊಟ್ಟ, ಪಕ್ಕಾಸಿನ ಸಂದಿನಿಂದಲೇ. ಅತ್ತೆ ಪೂರ್ತಿ ಹೊತ್ತು ಕುರ್ಚಿ ಹಾಕ್ಕೊಂಡು ಅಂಗಳದಲ್ಲಿ ಕೂತು ಹಂಚು ಒಡೆಯದ ಹಾಗೆ ನೋಡಿಕೊಂಡ್ರು. ಇಲ್ಲಿಯ ವಿವರವನ್ನೇ ಅವನಿಗೆ ಓದಿ ಹೇಳಿದ್ದೆ, ಎಂಟೂ ಎಳೆ ಹಾಕಿದ.

ಮೇಲೆ ಈಗ ಮೈನಸ್ 45, ಸ್ಪೀಡು 50ರಿಂದ 60. ಪರೀಕ್ಷೆ ಇರುವವಳು ಇಳಿದು ಬಂದು ಹೇಳಿ ಹೋದಳು. ನನ್ನ ಲ್ಯಾಪ್‌ಟಾಪಿಗೆ ಕೇಬಲ್, ಪಿಂಗ್ 14, 15ರಲ್ಲೇ ಇರ್ತದೆ. ಕಾಲ್ ನಿಲ್ಲಲಿಲ್ಲ. ಪ್ಲಾನ್ ಅದೇ 100. ನಡುಕೋಣೆಗೆ ಹೋಗುವಾಗ ಫೋನ್ ಚಾವಡಿಯ ಸಿಗ್ನಲನ್ನೇ ಸ್ವಲ್ಪ ಹೊತ್ತು ಹಿಡ್ಕೊಂಡಿರ್ತದೆ, ಅಷ್ಟೇ ಬಾಕಿ.

ಒಂದು ಕೊನೆಯ ಪ್ರಶ್ನೆ. ಅತ್ತೆಯ ಟಿವಿಗೆ ಕೇಬಲ್ ಹಾಕಬೇಕು. ಅದು ಹಳೇದು, ಅದರ ಲ್ಯಾನ್ ಪೋರ್ಟ್ 100 ಎಂಬಿಪಿಎಸ್ ಮಾತ್ರ ಅಂತ ಪುಸ್ತಕದಲ್ಲಿ ಉಂಟು. ಯಕ್ಷಗಾನಕ್ಕೆ ಸಾಕಾ?

ತೊಕ್ಕೊಟ್ಟು ಕೇಬಲಿಂಗ್

ಧಾರಾಳ ಸಾಕು ಮೇಡಂ. 1080ರ ಲೈವಿಗೆ 5 ಎಂಬಿಪಿಎಸ್ ಇದ್ದರೆ ಆಯ್ತು, 4ಕೆ ಆದ್ರೂ 20. ಬೆಳಗಿನವರೆಗೆ ಆಟ ನೋಡಿದ್ರೂ ನಿಮ್ಮ ವಿಡಿಯೋ ಕಾಲಿಗೆ ಅದು ತಾಗುದಿಲ್ಲ. ಫೋನ್ ಅಂಟಿಕೊಳ್ಳುದಕ್ಕೆ ಚಾವಡಿ ರೂಟರಿನ 2.4ರ ಟ್ರಾನ್ಸ್‌ಮಿಟ್ ಪವರನ್ನು ಒಂದು ಮೆಟ್ಟಿಲು ಇಳಿಸಿ ನೋಡಿ, ಬಿಟ್ಟು ಹತ್ತಿರದ್ದನ್ನು ಹಿಡೀತದೆ.